ಕಾಮಾಲೆ ಯಾರ ಕರ್ಮ?

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂತೆಂದರೆ ‘ಯಾವ ಜನ್ಮದ ಕರ್ಮವೋ’ ಎಂಬ ಮಾತು ಬರಲು ತಡವಾಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಸೊಸೆಗೆ ಹೆಪಟೈಟಿಸ್ ಬಿ ಎಂದು ಗೊತ್ತಾದರಂತೂ ಮರುಕದ ಜೊತೆಗೆ ಅನುಮಾನವೂ ಸೇರಿಕೊಳ್ಳುತ್ತದೆ. ಸೊಸೆಯ ತಟ್ಟೆ, ಲೋಟ ಬೇರೆಯಾಗುತ್ತವೆ. ತೊಳೆದ ಮೇಲೂ ಅವನ್ನು ಉಳಿದ ಪಾತ್ರೆಗಳಿಂದ ದೂರ, ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕುತ್ತಾರೆ. ಈ ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಜೊತೆಗೆ ಕೂತು ಉಂಡರೆ, ಮೈ ಮುಟ್ಟಿದರೆ ಬರುವುದಿಲ್ಲ. ಹಾಗಾಗಿ ಆ ಬೋರಲು ಲೋಟದಿಂದ ಮನೆಯವರಿಗೆ ಯಾವ ರಕ್ಷಣೆಯೂ ಇಲ್ಲ, ಸೊಸೆ ತಪ್ಪಿತಸ್ಥೆ ಎಂದು ಸಾರಿದಂತಾಯಿತು ಅಷ್ಟೆ. ಕರ್ಮವನ್ನು ಮನಸಾರೆ ನಂಬುವವರೂ ಈ ತೀರ್ಪನ್ನು ಒಪ್ಪಬೇಕಾಗಿಲ್ಲ ಎಂಬುದು ನನ್ನ ವಾದ.

ಕರ್ಮವೆಂದರೆ ಮಾಡಿದ ಕೆಲಸ. ಹಾಗಾದರೆ ಕೆಲಸ ಯಾರದು ಎಂದು ಮೊದಲು ಕೇಳಬೇಕು. ಊರಿಗೆ ಊರೇ ಹಾಳಾಗುವ ರೋಗಗಳ ಬಗ್ಗೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಒಂದು ಅಧ್ಯಾಯವಿದೆ. ಒಬ್ಬೊಬ್ಬರ ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆ ಇರುವಾಗ ಎಲ್ಲರೂ ಒಂದೇ ರೋಗಕ್ಕೆ ಒಟ್ಟಿಗೆ ತುತ್ತಾಗುವುದು ಹೇಗೆ ಎಂಬುದು ಶಿಷ್ಯ ಅಗ್ನಿವೇಶನ ಪ್ರಶ್ನೆ. ಗಾಳಿ, ನೀರು, ನೆಲ, ಕಾಲ ಎಲ್ಲರಿಗೂ ಒಂದೇ, ಅವು ಕೆಟ್ಟರೆ ಹೀಗಾಗುತ್ತದೆ ಎನ್ನುತ್ತಾನೆ ಗುರು ಆತ್ರೇಯ. ಅವು ಕೆಡುವುದಕ್ಕೆ ಅಧರ್ಮವೇ ಮೂಲ ಎಂದೂ ಹೇಳುತ್ತಾನೆ, ನಿಜ. ಆದರೆ ಆ ಅಧರ್ಮದ ಎಣಿಕೆ ಶುರುವಾಗುವುದು ದೇಶ, ನಗರಗಳ ಮುಖ್ಯಸ್ಥರಿಂದ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಆದದ್ದನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕು. ನಜಫಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಜಾಗವನ್ನೇ ಸೇರಿತು. ಕ್ಲೋರಿನ್ ಹೆಚ್ಚಾಗಿ ಸುರಿದರು. ಬ್ಯಾಕ್ಟೀರಿಯಾ ಸತ್ತವು, ವೈರಸ್ ಉಳಿಯಿತು. ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ದಶಕಗಳ ಮೇಲೆ, ಆಗ ತೆಗೆದಿಟ್ಟಿದ್ದ ರಕ್ತದ ಮಾದರಿಗಳಿಂದ. ತುಂಬು ಗರ್ಭಿಣಿಯರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ರೋಗವಿದು. ನಲ್ಲಿ ತಿರುಗಿಸಿ ನೀರು ಕುಡಿದದ್ದು ಬಿಟ್ಟರೆ ಅವರು ಮಾಡಿದ್ದೇನು?

‘ಈ ಜನ್ಮದ್ದಲ್ಲ, ಹಿಂದಿನದು’ ಎನ್ನಬಹುದು. ಹುಟ್ಟುವಾಗಲೇ ಹೆಪಟೈಟಿಸ್ ಬಿ ತಗುಲಿದ ಕೂಸುಗಳಲ್ಲಿ ಶೇ. 90ರಷ್ಟಕ್ಕೆ ಅದು ಬಿಡದೆ ಉಳಿಯುತ್ತದೆ. ಆರೋಗ್ಯವಂತ ದೊಡ್ಡವರಲ್ಲಿ ಶೇ. 5ಕ್ಕೂ ಕಡಿಮೆ. ಏನೂ ಮಾಡದವರಿಗೇ ಹೆಚ್ಚು ಶಿಕ್ಷೆ ಎಂಬಂಥ ಈ ಲೆಕ್ಕವನ್ನು ಪೂರ್ವಜನ್ಮ ಸರಿಹೊಂದಿಸೀತು. ಆದರೆ ಹುಟ್ಟಿದ 24 ಗಂಟೆಯೊಳಗೆ ತೊಡೆಗೆ ಚುಚ್ಚುವ ಅರ್ಧ ಎಂ.ಎಲ್. ಲಸಿಕೆ ಆ ಸೋಂಕನ್ನು ಬಹುಪಾಲು ತಡೆಯುತ್ತದೆ. ಜನ್ಮಾಂತರದ ಸಾಲ ನರ್ಸಮ್ಮನ ಸಿರಿಂಜಿಗೆ ತೀರುತ್ತದೆಯೇ? ಕರ್ಮಸಿದ್ಧಾಂತವನ್ನು ಒಪ್ಪಿದ್ದ ಬುದ್ಧನೇ ಸಂಯುತ್ತನಿಕಾಯದ ಸೀವಕ ಸುತ್ತದಲ್ಲಿ, ಎಲ್ಲ ನೋವೂ ಹಿಂದಿನ ಕರ್ಮದ ಫಲ ಎನ್ನುವವರು ತಿಳಿವಿನ ಗಡಿ ಮೀರುತ್ತಾರೆ ಎಂದ. ಬೇರೆ ಕಾರಣಗಳ ಪಟ್ಟಿಯನ್ನೂ ಕೊಟ್ಟ. ಅದರಲ್ಲಿ ಮೊದಲನೆಯದು ಪಿತ್ತ. ಕಾಮಾಲೆಯ ಮಾತಿಗೆ ಇದು ಒದಗಿಬಂದದ್ದು ಕಾಕತಾಳೀಯವೇ ಇರಲಿ, ಸೊಗಸಾಗಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮಾದಕದ್ರವ್ಯದ ಸೂಜಿ ಹಂಚಿಕೊಂಡು ರೋಗ ತಂದುಕೊಂಡವರ ಹೊಣೆಯನ್ನೂ ಅಳಿಸಿಬಿಡುವುದೇ? ನಾಚಿಕೆಯ ಭಯ ಹೋದರೆ ಜನ ಎಚ್ಚರ ತಪ್ಪುವುದಿಲ್ಲವೇ? ಹೊಣೆ ಇದ್ದೇ ಇರುತ್ತದೆ. ಆದರೆ ವೈರಸ್ಸಿಗೆ ಬೇಕಾದ್ದು ರಕ್ತ ಹತ್ತಿದ ಸೂಜಿ. ಅದು ಯಾರ ಕೈಯಲ್ಲಿದೆ ಎಂಬುದಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿದ್ದು ಚಿಕಿತ್ಸೆಗೆಂದು ಹೋದವರಿಗೆ, ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ. ಇನ್ನು ನಾಚಿಕೆ ಎಚ್ಚರ ಹುಟ್ಟಿಸುತ್ತದೆ ಎಂಬ ಮಾತು. ಯಕೃತ್ತು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುವ ಈ ರೋಗ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. 2022ರಲ್ಲಿ ಹೆಪಟೈಟಿಸ್ ಬಿ ಇದ್ದವರು ಜಗತ್ತಿನಲ್ಲಿ 25.4 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗ ಪತ್ತೆಯಾಗಿದ್ದದ್ದು ಅವರಲ್ಲಿ ಶೇ. 13ರಷ್ಟು ಮಂದಿಗೆ ಮಾತ್ರ. ಪರೀಕ್ಷೆಯ ಸೌಲಭ್ಯ ಇಲ್ಲದ್ದೇ ಬಹುಮಟ್ಟಿಗೆ ಇದಕ್ಕೆ ಕಾರಣ, ಒಪ್ಪೋಣ. ನಮ್ಮಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ. ಆದರೆ ಕಟ್ಟೆಯ ಮೇಲೆ ಬೋರಲು ಬಿದ್ದ ಲೋಟವನ್ನು ದಿನಾ ನೋಡುವ ನಾದಿನಿ ತನ್ನ ರಕ್ತ ಕೊಡಲು ಆಸ್ಪತ್ರೆಯ ಸಾಲಿನಲ್ಲಿ ಹೋಗಿ ನಿಲ್ಲುವುದು ಕಷ್ಟ.