ಬೆಚ್ಚಗಿರುವುದು ತಪ್ಪೆ?

ಪಬ್ಬು ಎಂದೊಡನೆ ನಮ್ಮ ನಗರವಾಸಿಗಳಿಗೆ ನೆನಪಾಗುವುದು ಕಿವಿಗಡಚಿಕ್ಕುವ ಸಂಗೀತ. ಇಂಗ್ಲೆಂಡಿನ ಹಳ್ಳಿಯ ಪಬ್ಬು ಬೇರೆಯೇ ಬಗೆಯದು. ‘ಪಬ್ಲಿಕ್ ಹೌಸ್’ ಎಂಬುದರ ಕುಗ್ಗಿದ ರೂಪ ಅದು. ಸಾರ್ವಜನಿಕರ ಮನೆ ಎಂದರ್ಥ. ಡಿಸೆಂಬರಿನಲ್ಲಿ ಅಲ್ಲಿಯ ಉತ್ತರ ಭಾಗದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು ಕವಿಯುತ್ತದೆ. ಆಗ ತಗ್ಗು ತೊಲೆಗಳ ಕೋಣೆ, ಉರಿಯುವ ಅಗ್ಗಿಷ್ಟಿಕೆ, ಅದರ ಮುಂದೆ ಮೈಚಾಚಿ ಮಲಗಿದ ಯಾರದೋ ನಾಯಿ, ಅವಸರವಿಲ್ಲದ ಮಾತು. ಇದು ಸುಖವಲ್ಲವೆಂದು ಯಾರು ಹೇಳಿಯಾರು?

ಆದರೆ ಈ ಸುಖದಲ್ಲೊಂದು ತೊಡಕುಂಟು. ಹೊರಗೆ ಹಿಮ ಬೀಳುತ್ತಿದ್ದರಷ್ಟೇ ಒಳಗಿನ ಬೆಂಕಿಗೆ ರುಚಿ. ಬೇಸಗೆಯಲ್ಲಿ ಅದೇ ಬೆಂಕಿ ಯಾರಿಗೂ ಬೇಡ. ಹಾಗಾದರೆ ನಾವು ಸವಿಯುವುದು ಬೆಂಕಿಯನ್ನೋ, ಹೊರಗಿನವನ ಚಳಿಯನ್ನೋ? ಬಿರುಗಾಳಿಗೆ ಸಿಕ್ಕವರನ್ನು ದಡದಲ್ಲಿ ನಿಂತು ನೋಡುವುದು ಹಿತವೆಂದು ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ. ಪರರ ಸಂಕಟ ಹಿತವೆಂದಲ್ಲ, ಅದು ತನಗಿಲ್ಲವೆಂಬುದು ಹಿತ ಎಂದೂ ವಿವರಿಸಿದ. ವಿವರಣೆ ಪ್ರಾಮಾಣಿಕವಾದದ್ದೇ, ಆದರೂ ಮನಸ್ಸು ಒಪ್ಪದು. ದಡದಲ್ಲಿರುವವನು ಹಗ್ಗ ಎಸೆಯುವ ಮಾತು ಅಲ್ಲಿಲ್ಲ.

ಬೆಚ್ಚಗಾಗುವುದು ಕುಡಿತದಿಂದ ಎಂದು ಕೆಲವರು ವಾದಿಸಬಹುದು. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮದ್ಯವು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಬಿಸಿಯ ಭ್ರಮೆ ಹುಟ್ಟಿಸುತ್ತದೆ. ಮೈಯೊಳಗಿನ ಶಾಖವೋ ಸೋರಿಹೋಗುತ್ತದೆ. ನಿಜವಾದ ಬಿಸಿ ಬೆಂಕಿಯದು, ಮತ್ತೆ ಪಕ್ಕದಲ್ಲಿ ಕುಳಿತವರದು.

ಇದಕ್ಕೊಂದು ನಿದರ್ಶನವುಂಟು. ಯಾರ್ಕ್‌ಷೈರಿನ ಟ್ಯಾನ್ ಹಿಲ್ ಇನ್, 1,732 ಅಡಿ ಎತ್ತರದಲ್ಲಿರುವ, ಬ್ರಿಟನ್ನಿನಲ್ಲೇ ಅತಿ ಎತ್ತರದ ಪಬ್ಬು. 2021ರ ನವೆಂಬರ್ 26ರಂದು ಆರ್ವೆನ್ ಬಿರುಗಾಳಿಯ ಹಿಮ ದಾರಿಗಳನ್ನು ಮುಚ್ಚಿತು. ಅಲ್ಲಿದ್ದ 61 ಮಂದಿ ಅತಿಥಿಗಳು ಮೂರು ರಾತ್ರಿ ಅಲ್ಲೇ ಕಳೆದರು. ನೆಲದ ಮೇಲೆ ಹಾಸಿಗೆ ಹಾಸಿ ಮಲಗಿದರು, ಹಾಡಿದರು, ರಸಪ್ರಶ್ನೆ ನಡೆಸಿದರು, ದುಡಿದ ಕೆಲಸಗಾರರಿಗೆಂದು ಹಣ ಕೂಡಿಸಿದರು.

ಅದೇ ಬಿರುಗಾಳಿಯಲ್ಲಿ ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಮನೆಗಳ ವಿದ್ಯುತ್ತು ಹೋಗಿತ್ತು. ಹತ್ತಿರಹತ್ತಿರ 4,000 ಮನೆಗಳಿಗೆ ವಾರ ಕಳೆದರೂ ಬರಲಿಲ್ಲ. ಪಬ್ಬಿನಲ್ಲಿ ಹಾಡುತ್ತಿದ್ದವರು ಬೆಂಕಿ ಆರಿಸಿದ್ದರೆ ಆ ಮನೆಗಳಲ್ಲಿ ಒಬ್ಬರಿಗಾದರೂ ಬೆಚ್ಚಗಾಗುತ್ತಿತ್ತೆ? ಇಲ್ಲ. ನಮ್ಮ ಸುಖವನ್ನು ಬಿಟ್ಟ ಮಾತ್ರಕ್ಕೆ ಪರರ ದುಃಖ ಕಡಮೆಯಾಗದು. ಆದ್ದರಿಂದ ಪ್ರಶ್ನೆ ಬೆಚ್ಚಗಿರಬಹುದೆ ಎಂಬುದಲ್ಲ. ಆ ಬೆಚ್ಚನೆಯಲ್ಲಿ ಇನ್ನೊಬ್ಬನಿಗೆ ಎಡೆಯುಂಟೆ ಎಂಬುದು.

ಕಾಸಿಲ್ಲದವನಿಗೆ ಸಾರ್ವಜನಿಕರ ಮನೆಯೂ ಮುಚ್ಚಿದ ಮನೆಯೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. 2022ರ ಚಳಿಗಾಲದಲ್ಲಿ ಇಂಧನದ ಬೆಲೆ ವಿಪರೀತ ಏರಿ, ತಮ್ಮ ಮನೆಯನ್ನೇ ಬಿಸಿಯಾಗಿಡಲಾರದವರು ಬ್ರಿಟನ್ನಿನಲ್ಲಿ ಹೆಚ್ಚಿದರು. ಆಗ ಗ್ರಂಥಾಲಯ, ಚರ್ಚುಗಳ ಜೊತೆಗೆ ಕೆಲವು ಪಬ್ಬುಗಳೂ ಏನನ್ನೂ ಕೊಳ್ಳದವರಿಗೆ ಬಾಗಿಲು ತೆರೆದವು. ಹೆಸರಿಗೆ ತಕ್ಕ ನಡತೆಯೆಂದರೆ ಅದು.

ಚಳಿಗಾಲದಲ್ಲಿ ಪಬ್ಬಿನ ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿ ಒಳಕ್ಕೆ ನುಗ್ಗುತ್ತದೆ. ಕುಳಿತವರಲ್ಲಿ ಒಬ್ಬ, ‘ಬೇಗ ಬಾಗಿಲು ಹಾಕಯ್ಯ’ ಎಂದು ಗೊಣಗುತ್ತಾನೆ. ಇನ್ನೊಬ್ಬ ಕುರ್ಚಿ ಸರಿಸಿ ಬಂದವನಿಗೆ ಬೆಂಕಿಯ ಬಳಿ ಜಾಗ ಮಾಡುತ್ತಾನೆ. ಇಬ್ಬರೂ ಸುಖಿಗಳೇ. ಎರಡನೆಯವನು ಮಾತ್ರ ತನ್ನ ಸುಖಕ್ಕೆ ಯಾರಿಗೂ ಸಮಜಾಯಿಷಿ ಹೇಳಬೇಕಾಗಿಲ್ಲ.