ಎರಡು ಬಗೆಯ ‘ಗೊತ್ತಿಲ್ಲ’

ನಮ್ಮ ಪಕ್ಕದ ಮನೆಯ ಹಿರಿಯ ತಾಯಿಯೊಬ್ಬರ ತಾರಸಿಯ ಮೇಲೆ ಒಂದು ನಿಂಬೆ ಗಿಡವಿತ್ತು. ತೀರಿಹೋದ ಅವರ ಯಜಮಾನರು ದೊಡ್ಡ ಕುಂಡದಲ್ಲಿ ನೆಟ್ಟು ಬೆಳೆಸಿದ್ದ ಗಿಡ. ಕೆಲವು ವರ್ಷಗಳ ಹಿಂದೆ ಅದರ ಎಲೆಗಳು ಹಳದಿಯಾಗತೊಡಗಿದಾಗ ಅವರು ನನ್ನನ್ನು ಕೇಳಿದರು. ಅಂಗಳದಲ್ಲಿ ನಾಲ್ಕು ಗುಲಾಬಿ, ಎರಡು ಮಡಿ ಸೊಪ್ಪು ಬೆಳೆದಿದ್ದ ನನಗೆ ಬೀದಿಯಲ್ಲಿ ‘ಗಿಡದ ವಿಷಯ ಬಲ್ಲವಳು’ ಎಂಬ ಹೆಸರಿತ್ತು. ಮೆಟ್ಟಿಲು ಹತ್ತಿ ಗಿಡವನ್ನು ನೋಡುವ ಗೋಜಿಗೂ ಹೋಗದೆ, “ಗೊಬ್ಬರ ಸಾಲದಮ್ಮ, ಒಂದು ಹಿಡಿ ಯೂರಿಯಾ ಹಾಕಿ” ಎಂದುಬಿಟ್ಟೆ. ಅವರು ಹಾಕಿದರು. ಸ್ವಲ್ಪ ದಿನಗಳಲ್ಲೇ ಎಲೆಗಳೆಲ್ಲ ಸುಟ್ಟಂತಾಗಿ ಉದುರಿದವು. ಕುಂಡವನ್ನು ಬೋರಲು ಹಾಕಿದಾಗ ವಿಷಯ ತಿಳಿಯಿತು. ತಳದ ತೂತು ಮುಚ್ಚಿಹೋಗಿತ್ತು. ನೀರು ನಿಂತು ಬೇರು ಮೊದಲೇ ಕೊಳೆತಿತ್ತು. ಉಳಿದಿದ್ದ ನಾಲ್ಕು ಬೇರುಗಳನ್ನು ನನ್ನ ಯೂರಿಯಾ ಮುಗಿಸಿತ್ತು.

“ಹೋಗ್ಲಿ ಬಿಡಮ್ಮ, ನೀನು ಒಳ್ಳೇದಕ್ಕೇ ತಾನೇ ಹೇಳಿದ್ದು” ಎಂದರು ಅವರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ!

ಒಳ್ಳೆಯ ಮನಸ್ಸಿನಿಂದ ಕೊಟ್ಟ ತಪ್ಪು ಸಲಹೆಗೆ ಹೊಣೆ ಯಾರು? ಈ ಪ್ರಶ್ನೆಯನ್ನು ಮತ್ತೆ ಕೆದಕಿದವಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಚಿಕ್ಕಮ್ಮನ ಮಗಳು. “ಅಕ್ಕಾ, ಈ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಸೇರಿದ್ದೇನೆ” ಎಂದು ಫೋನಿನಲ್ಲಿ ನಗುತ್ತಾ ಹೇಳಿದಳು. ಅವಳು ಸೇರಿದ್ದು ‘ಮಾಸ್ಟರ್ ಗಾರ್ಡನರ್’ ಎಂಬ ತರಬೇತಿಗೆ. ಅಂದರೆ, ತನ್ನ ಊರಿನವರಿಗೆ ಕೈತೋಟದ ಬಗ್ಗೆ ಸಂಬಳವಿಲ್ಲದೆ ತಿಳಿವಳಿಕೆ ಕೊಡುವ ಸ್ವಯಂಸೇವಕಿಯಾಗಲು.

ಈ ಪದ್ಧತಿ ಹುಟ್ಟಿದ್ದೂ ಆ ರಾಜ್ಯದಲ್ಲಿಯೇ. ಸಿಯಾಟಲ್ ಮತ್ತು ಟಕೋಮಾ ನಗರಗಳು ಬೆಳೆದಂತೆ ಮನೆಗೊಂದು ತೋಟವಾಯಿತು, ತೋಟಕ್ಕೆ ಹತ್ತು ಪ್ರಶ್ನೆಗಳಾದವು. ಉತ್ತರಿಸಬೇಕಾದವರು ವಿಶ್ವವಿದ್ಯಾನಿಲಯದ ವಿಸ್ತರಣಾ ಸೇವೆಯ ಬೆರಳೆಣಿಕೆಯ ಅಧಿಕಾರಿಗಳು. ಅವರಲ್ಲೊಬ್ಬರಾದ ಡೇವಿಡ್ ಗಿಬ್ಬಿ ಮತ್ತು ಅವರ ಸಂಗಡಿಗರು ಒಂದು ಉಪಾಯ ಹೂಡಿದರು: ಸಾಮಾನ್ಯ ಜನರಿಗೇ ಕಲಿಸೋಣ, ಅವರು ಉಳಿದವರಿಗೆ ಹೇಳಲಿ. ಪಂಡಿತರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. 1972ರಲ್ಲಿ ಟಕೋಮಾದ ಅಂಗಡಿ ಸಂಕೀರ್ಣವೊಂದರಲ್ಲಿ ಗಿಡಗಳ ‘ಕ್ಲಿನಿಕ್’ ಇಟ್ಟು ನೋಡಿದಾಗ ಜನ ಮುಗಿಬಿದ್ದರು. 1973ರಲ್ಲಿ ತರಬೇತಿ ಆರಂಭವಾಯಿತು. ಈಗ ಅದು ಅಮೆರಿಕದ ಎಲ್ಲೆಡೆ ಹಬ್ಬಿದೆ.

ಮಣ್ಣು, ನೀರು, ಕೀಟ, ರೋಗ ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಆದರೆ ಒಂದು ಕರಾರುಂಟು. ಕಲಿತವರು ಇಂತಿಷ್ಟು ಗಂಟೆ ಜನಸೇವೆ ಮಾಡಲೇಬೇಕು, ಮಾಡಿದ ಗಂಟೆಗಳ ಲೆಕ್ಕ ಬರೆದಿಡಬೇಕು. ಆ ಬಿರುದನ್ನು ತೋರಿಸಿ ವ್ಯಾಪಾರ ಮಾಡುವಂತಿಲ್ಲ. ‘ಲೆಕ್ಕವಿಟ್ಟು ಮಾಡುವುದು ಎಂಥ ಸೇವೆ? ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಾಯಿತಲ್ಲ?’ ಎಂದು ನನಗೆ ಮೊದಲು ಅನ್ನಿಸಿತು. ಯೋಚಿಸಿದಾಗ ಹಾಗಲ್ಲವೆನಿಸಿತು. ಆ ಗಂಟೆಗಳು ಕಲಿಸಿದವರ ಮನೆಗೆ ಹಿಂದಿರುಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಾಡಿದ ಎಲೆ ಹಿಡಿದು ಬರುವ ಯಾರೋ ಅಪರಿಚಿತರಿಗೆ ಸಲ್ಲುತ್ತವೆ. ಅಕ್ಷರ ಕಲಿಸಿದ ಟೀಚರಮ್ಮನ ಋಣವನ್ನು ನಾವು ಅವರಿಗೇ ತೀರಿಸಿದ್ದೇವೆಯೇ? ನಮ್ಮ ಮಕ್ಕಳಿಗೆ ಕಲಿಸುತ್ತೇವೆ, ಅಷ್ಟೇ.

ಆದರೆ ಸಾಲ ತೀರಿಸುವ ನಾಣ್ಯ ಖೋಟಾ ಆಗಿರಬಾರದಲ್ಲ! ನನ್ನ ಯೂರಿಯಾ ಖೋಟಾ ನಾಣ್ಯವಾಗಿತ್ತು.

ತರಬೇತಿಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಪಾಠ ಯಾವುದೆಂದು ತಂಗಿಯನ್ನು ಕೇಳಿದೆ. ಕೀಟಗಳ ಉದ್ದುದ್ದದ ಹೆಸರುಗಳಿರಬಹುದೆಂದು ನನ್ನ ಎಣಿಕೆ. “ಗೊತ್ತಿಲ್ಲ ಅನ್ನೋದು, ಅಕ್ಕಾ” ಎಂದಳು. ಎದುರಿಗೆ ನಿಂತವರು ನಂಬಿಕೆಯಿಂದ ಕೇಳುತ್ತಾರೆ, ಹಿಂದೆ ಸಾಲಿನಲ್ಲಿ ಜನರಿರುತ್ತಾರೆ, ಎದೆಯ ಮೇಲೆ ‘ಮಾಸ್ಟರ್’ ಎಂಬ ಬಿಲ್ಲೆಯಿರುತ್ತದೆ. ಬಾಯಿಗೆ ಬಂದದ್ದನ್ನು ಹೇಳಿಬಿಡುವ ಆಸೆ ಆಗುತ್ತದಂತೆ. ಗುಲಗಂಜಿ ಹುಳುವಿನ ಮರಿಯನ್ನು ನೋಡಿದ್ದೀರಾ? ಮುಳ್ಳುಮುಳ್ಳಾಗಿ, ಕಪ್ಪಗೆ, ನೋಡಲು ಅಸಹ್ಯ. ತಿಳಿಯದವರು ‘ಔಷಧಿ ಹೊಡೆಯಿರಿ’ ಎನ್ನುತ್ತಾರೆ. ಅದೇ ಮರಿ ಗಿಡದ ಹೇನುಗಳನ್ನು ತಿಂದು ಕಾಪಾಡುವ ಗೆಳೆಯ! ಆದ್ದರಿಂದ ತಿಳಿಯದಿದ್ದಾಗ ‘ಗೊತ್ತಿಲ್ಲ, ವಿಚಾರಿಸಿ ತಿಳಿಸುತ್ತೇನೆ’ ಎಂದು ವಿಳಾಸ ಬರೆದುಕೊಂಡು, ಪುಸ್ತಕ ನೋಡಿಯೋ ತಜ್ಞರನ್ನು ಕೇಳಿಯೋ ಉತ್ತರ ಮುಟ್ಟಿಸಬೇಕು.

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ಹೇಳಬೇಕು. ನಿಂಬೆ ಗಿಡ ಹೋದ ಮೇಲೆ ನಾನು ಯಾರಿಗೂ ಏನನ್ನೂ ಹೇಳುವುದಿಲ್ಲವೆಂದು ಶಪಥ ಮಾಡಿದ್ದೆ. ಅದನ್ನೇ ವಿನಯವೆಂದುಕೊಂಡಿದ್ದೆ. ಒಮ್ಮೆ ಎದುರು ಮನೆಯ ಹುಡುಗ ತಾನೇ ಬೆಳೆಸಿದ ಟೊಮೆಟೊ ತಂದು ತೋರಿಸಿದ. ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗಿತ್ತು. “ಆಂಟಿ, ಇದೇನು?” ಎಂದ. ನನಗದು ಚೆನ್ನಾಗಿ ಗೊತ್ತಿತ್ತು. ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೆಂಬಂತೆ ನೀರು ಹಾಕಿದರೆ ಸುಣ್ಣದಂಶ ಕಾಯಿಯ ತುದಿಯವರೆಗೆ ತಲುಪುವುದಿಲ್ಲ, ಹಾಗಾಗುತ್ತದೆ. ಆದರೂ “ನನಗೆ ಗೊತ್ತಿಲ್ಲಪ್ಪ” ಎಂದೆ. ಅವನು ಕೈಖರ್ಚಿನ ಹಣದಲ್ಲಿ ಅಂಗಡಿಯಿಂದ ಯಾವುದೋ ಪುಡಿ ತಂದು ಹಾಕಿದ, ಕಾಯಿ ಕೊಳೆಯುವುದು ನಿಲ್ಲಲಿಲ್ಲ. ಆಮೇಲೆ ಬೇಸರಪಟ್ಟು ಗಿಡಗಳನ್ನೇ ಕಿತ್ತೆಸೆದ.

ಪ್ರಿಯ ಓದುಗರೇ, ನನ್ನ ತಂಗಿಯ ‘ಗೊತ್ತಿಲ್ಲ’ ಬೇರೆ, ನನ್ನದು ಬೇರೆ. ಅವಳ ಮಾತಿನ ಹಿಂದೆ ಹುಡುಕಿ ತಿಳಿಸುವ ಹೊಣೆಯಿತ್ತು. ನನ್ನದರಲ್ಲಿ ಮತ್ತೆ ತಪ್ಪಾದರೆ ನನ್ನ ಹೆಸರು ಕೆಟ್ಟೀತೆಂಬ ಭಯ ಮಾತ್ರ. ಗೊತ್ತಿಲ್ಲದ್ದನ್ನು ಗೊತ್ತೆಂದಾಗಲೂ, ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದಾಗಲೂ ನಾನು ಕಾಪಾಡಿಕೊಂಡಿದ್ದು ನನ್ನ ಹೆಸರನ್ನೇ. ನಿಂಬೆ ಗಿಡಕ್ಕಿಂತ ಟೊಮೆಟೊ ವಿಷಯವೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಮೊದಲನೆಯದರಲ್ಲಿ ದುಡುಕಿದ್ದೆ, ಎರಡನೆಯದರಲ್ಲಿ ತಿಳಿದೂ ತಿಳಿದೂ ಸುಳ್ಳಾಡಿದ್ದೆ.

ನಮ್ಮಲ್ಲಿಯೂ ಕೇಳಲು ಸ್ಥಳಗಳಿಲ್ಲದಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವನ್ನು ಕಟ್ಟಿದ್ದೇ ಅಮೆರಿಕದ ಇಂಥ ವಿಶ್ವವಿದ್ಯಾನಿಲಯಗಳ ಮಾದರಿಯಲ್ಲಿ: ಬೋಧನೆ ಮತ್ತು ಸಂಶೋಧನೆಯ ಜೊತೆಗೆ, ತಿಳಿದದ್ದನ್ನು ಜನರ ಬಾಗಿಲಿಗೆ ಒಯ್ಯುವುದೂ ಅದರ ಕೆಲಸ. ಅಲ್ಲಿಯ ಕೃಷಿ ಮೇಳಕ್ಕೆ ಹೋಗಿ ನಾವು ಸಸಿಗಳನ್ನು ಕೊಂಡು ತರುತ್ತೇವೆ. ಪ್ರಶ್ನೆಗಳನ್ನು ಒಯ್ಯುವವರು ಎಷ್ಟು ಮಂದಿಯೋ.

ಪಕ್ಕದ ಮನೆಯ ಅಮ್ಮ ಈಗ ಹೊಸ ನಿಂಬೆ ಸಸಿಯನ್ನಿಟ್ಟಿದ್ದಾರೆ. ಮೊನ್ನೆ ಮತ್ತೆ ಕರೆದರು. ಅವರ ಧೈರ್ಯವನ್ನು ಮೆಚ್ಚಬೇಕು! ಈ ಸಲ ಮೆಟ್ಟಿಲು ಹತ್ತಿದೆ. ಮೊದಲು ಕುಂಡದ ತಳ ನೋಡಿದೆ, ಮಣ್ಣಿಗೆ ಬೆರಳಿಟ್ಟು ನೋಡಿದೆ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಕೂತಿತ್ತು. “ಇದು ಚಿಟ್ಟೆಯ ಮರಿ ಅಮ್ಮ, ಎಲೆ ತಿನ್ನುತ್ತದೆ, ಕೈಯಲ್ಲೇ ಆರಿಸಿ ತೆಗೆಯಬಹುದು” ಎಂದೆ. ಕಾಂಡದಿಂದ ಅಂಟಿನಂಥದ್ದೇನೋ ಒಸರುತ್ತಿತ್ತು. “ಇದು ಮಾತ್ರ ನನಗೆ ಗೊತ್ತಿಲ್ಲ” ಎಂದೆ.

“ಹಾಗಾದ್ರೆ ಯಾರಿಗೆ ಗೊತ್ತು?” ಎಂದರು.

ಸೋಮವಾರ ಇಬ್ಬರೂ ಬಸ್ಸಿನಲ್ಲಿ ಜಿ.ಕೆ.ವಿ.ಕೆ.ಗೆ ಹೋಗುವುದೆಂದು ಮಾತಾಗಿದೆ. ಕಾಂಡದ ಚೂರೊಂದನ್ನು ಕಾಗದದಲ್ಲಿ ಸುತ್ತಿ ಅವರ ಕೈಚೀಲದಲ್ಲಿ ಈಗಾಗಲೇ ಇಟ್ಟುಕೊಂಡಿದ್ದಾರೆ.