ಭೋಗೋಪಭೋಗ ಪರಿಮಾಣವೂ ದಿನಸಿಯ ಚೀಟಿಯೂ

ದಶಲಕ್ಷಣ ಪರ್ವದ ಹತ್ತು ದಿನವೂ ಏಕಾಶನವನ್ನು ಶ್ರದ್ಧೆಯಿಂದ ನಡೆಸಿದ ಗೃಹಿಣಿಯೊಬ್ಬಳು ಅನಂತ ಚತುರ್ದಶಿ ಕಳೆದ ಮೇಲೆ ತೂಕ ನೋಡಿಸಿಕೊಂಡಾಗ ಅದು ಇಳಿಯದೆ ಏರಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಒಂದೇ ಹೊತ್ತಿನ ಊಟವಲ್ಲವೇ, ಗಟ್ಟಿಯಾಗಿರಲಿ ಎಂದು ಪರ್ವಕ್ಕೆ ಮೊದಲೇ ತುಪ್ಪ, ಗೋಡಂಬಿ, ಸಕ್ಕರೆ, ಕರಿದ ತಿಂಡಿಗಳು ಮನೆ ಸೇರಿರುತ್ತವೆ. ಹೊತ್ತು ಒಂದಾದರೂ ಪ್ರಮಾಣ ಎರಡಾಗುತ್ತದೆ. ವ್ರತಭಂಗವಾಯಿತೆಂದು ಯಾರೂ ಹೇಳಲಾರರು; ಆದರೆ ರಸನೇಂದ್ರಿಯದ ನಿಗ್ರಹ ಎಷ್ಟಾಯಿತೆಂದು ಆಕೆಯೇ ಕೇಳಿಕೊಳ್ಳಬೇಕು.

ತತ್ತ್ವಾರ್ಥಸೂತ್ರದಲ್ಲಿ ಬಾಹ್ಯ ತಪಸ್ಸುಗಳನ್ನು ಎಣಿಸುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು ಹೇಳಿದೆ. ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಯದು 28 ತುತ್ತು. ಅದರಲ್ಲಿ ಒಂದು ತುತ್ತು ಕಡಿಮೆ ಉಂಡರೂ ಅವಮೌದರ್ಯವೇ ಎಂಬುದು ಪರಂಪರೆಯ ಲೆಕ್ಕ. ಉಪವಾಸವನ್ನು ನಾಲ್ಕು ಜನ ಕಂಡು ಕೊಂಡಾಡುತ್ತಾರೆ. ಬಿಟ್ಟ ಒಂದು ತುತ್ತನ್ನು ಯಾರೂ ಕಾಣರು. ಆದುದರಿಂದಲೇ ಇರಬೇಕು, ಈ ತಪಸ್ಸು ನಮ್ಮ ಮನೆಗಳಲ್ಲಿ ಅಪರೂಪವಾಗಿದೆ.

ಈ ಒಂದು ತುತ್ತನ್ನು ಬಿಡುವ ಕೆಲಸ ಎಲೆಯ ಮುಂದೆ ಕುಳಿತಾಗ ಪ್ರಾರಂಭವಾಗುವುದಿಲ್ಲ, ಅಂಗಡಿಯಲ್ಲಿ ಪ್ರಾರಂಭವಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಸೇರಿಸಿ, ಅದರ ಅತಿಚಾರಗಳಲ್ಲಿ ಅನುಸ್ಮೃತಿ, ಅತಿಲೌಲ್ಯ, ಅತಿತೃಷೆಗಳನ್ನು ಹೇಳಿದ್ದಾರೆ. ಹಿಂದೆ ಸವಿದುದನ್ನು ಮತ್ತೆ ಮತ್ತೆ ನೆನೆಯುವುದು, ಸವಿದರೂ ತೀರದ ಚಪಲ, ಮುಂದೆ ಸವಿಯಬೇಕೆಂಬ ದಾಹ. ಹಸಿದ ಹೊಟ್ಟೆಯಲ್ಲಿ ಸಂಜೆ ಸೂಪರ್ ಮಾರ್ಕೆಟ್ಟಿನ ಕಪಾಟುಗಳ ನಡುವೆ ನಡೆಯುವವನಲ್ಲಿ ಈ ಮೂರೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಹೋದ ತಿಂಗಳು ತಿಂದ ಬಿಸ್ಕತ್ತು ಎದುರಿಗಿರುತ್ತದೆ; ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಫಲಕವೂ ಇರುತ್ತದೆ. ಉಂಡ ಮೇಲೆ, ಮನೆಯಲ್ಲೇ ಬರೆದ ಚೀಟಿ ಹಿಡಿದು ಹೋಗುವವನಿಗೆ ಈ ಅಪಾಯ ಕಡಿಮೆ. ಅಂಗಡಿಯಲ್ಲಿ ಒಮ್ಮೆ ಬೇಡವೆಂದರೆ ಮುಗಿಯಿತು. ಮನೆಗೆ ತಂದ ಡಬ್ಬಿಗೆ ದಿನಕ್ಕೆ ಹತ್ತು ಸಲ ಬೇಡವೆನ್ನಬೇಕಾಗುತ್ತದೆ.

ಚೀಟಿಯಲ್ಲಿ ಪದಾರ್ಥದ ಹೆಸರಿಗಿಂತ ಪ್ರಮಾಣ ಮುಖ್ಯ. ಪರಿಮಾಣವೆಂಬ ಶಬ್ದಕ್ಕೆ ಅಳತೆಯೆಂದೇ ಅರ್ಥ. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರಿನ ಎಣ್ಣೆಯ ಡಬ್ಬಿ ಬರುತ್ತದೆಂದುಕೊಳ್ಳೋಣ. ಲೀಟರಿಗೆ ಸುಮಾರು 910 ಗ್ರಾಂ. ತಲೆಗೆ ದಿನಕ್ಕೆ 38 ಗ್ರಾಂ ಆಯಿತು. ಗ್ರಾಮಿಗೆ 9 ಕ್ಯಾಲೊರಿಯಂತೆ ಎಣ್ಣೆಯೊಂದರಿಂದಲೇ 340 ಕ್ಯಾಲೊರಿ, ತುಪ್ಪ ಬೇರೆ. ಮೂರು ಲೀಟರಿಗೆ ಇಳಿಸಿದರೆ ಒಬ್ಬೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ, ಯಾರೂ ಹಸಿದಿರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಹೇಳಿದ ಉತ್ತಮ ಮಿತಿ ದಿನಕ್ಕೆ ಸುಮಾರು 25 ಗ್ರಾಂ. ನಾಲ್ವರಿಗೆ ತಿಂಗಳಿಗೆ 3 ಕಿಲೋ. ಬೆಲ್ಲವೂ, ಬಿಸ್ಕತ್ತು ಪಾನಕಗಳೊಳಗಿನ ಸಕ್ಕರೆಯೂ ಅದರಲ್ಲೇ ಸೇರಬೇಕು. ಬೆಲ್ಲ ದೋಷವಿಲ್ಲದ್ದೆಂದು ನಂಬಿದವರು ಬಹಳ ಜನ. ಸಕ್ಕರೆಗೂ ಅದಕ್ಕೂ ಕ್ಯಾಲೊರಿಯಲ್ಲಿ ಹೆಚ್ಚು ಅಂತರವಿಲ್ಲ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕಂಡು ನಿಶ್ಚಿಂತರಾಗುವುದೂ ಸಲ್ಲದು. ಜೇನಿಗೂ ಅದೇ ಚುಕ್ಕೆ, ಬೆಳ್ಳುಳ್ಳಿಯ ಪುಡಿಗೂ ಅದೇ. ಮಧುತ್ಯಾಗ ಮಾಡಿದ ಶ್ರಾವಕನು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು. ಓದುವವನಿಗೆ ಇನ್ನೊಂದು ಲಾಭವುಂಟು: ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೈದಾ, ಸಕ್ಕರೆ, ತಾಳೆ ಎಣ್ಣೆ ಈ ಮೂರೇ ಮೊದಲು ಬಂದರೆ ಉಳಿದುದನ್ನು ಓದುವ ಅಗತ್ಯವಿಲ್ಲ.

ಹಿರಿಯರ ಮನೆಗಳಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆಯಿತ್ತು. ಜೀವರಕ್ಷೆಗಾಗಿ ಹುಟ್ಟಿದ ಈ ನಿಯಮದಿಂದ ಮನೆಯಲ್ಲಿ ಸಂಗ್ರಹವೂ ಮಿತವಾಗಿತ್ತು. ಇಂದು ಆರು ತಿಂಗಳ ತಿಂಡಿ ಕಪಾಟಿನಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಅಧಿಕ ತೂಕ. ಸಕ್ಕರೆ ಕಾಯಿಲೆ ಬಂದು ಔಷಧಿ, ಇನ್ಸುಲಿನ್ ಹತ್ತಿದ ಮೇಲೆ, ವೈದ್ಯರನ್ನು ಕೇಳದೆ ಒಂದು ಅಷ್ಟಮಿಯ ಉಪವಾಸವನ್ನೂ ಹಿಡಿಯುವಂತಿಲ್ಲ. ರಕ್ತದ ಸಕ್ಕರೆ ಒಮ್ಮೆಗೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಮೂವತ್ತು ವರ್ಷ ಪ್ರೋಷಧೋಪವಾಸ ನಡೆಸಿದವರು ಅರವತ್ತರಲ್ಲಿ ಅದನ್ನು ಬಿಡಬೇಕಾಗಿ ಬಂದು ಪಡುವ ಸಂಕಟವನ್ನು ಕಂಡವರೇ ಬಲ್ಲರು.

ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ ಎಂದು ಸಮಂತಭದ್ರರು ಬೇರ್ಪಡಿಸಿದ್ದಾರೆ. ಒಮ್ಮೆಗೇ ಯಮಕ್ಕೆ ಕೈಹಾಕಿ ಸೋಲುವುದಕ್ಕಿಂತ, ಬರುವ ಹುಣ್ಣಿಮೆಯವರೆಗೆ ಮೂರು ಲೀಟರು ಎಣ್ಣೆ, ಕರಿದ ಪೊಟ್ಟಣಗಳಿಲ್ಲ ಎಂದು ನಿಯಮ ಹಿಡಿದು ಚೀಟಿಯ ತಲೆಯಲ್ಲೇ ಬರೆದಿಡಬಹುದು. ಅಂಗಡಿಗೆ ಹೋಗುವವರು ಮನೆಯ ಮಗನಾಗಲಿ ಸೊಸೆಯಾಗಲಿ, ಆ ಚೀಟಿಯನ್ನು ಅವರ ಕೈಗೇ ಕೊಡಬೇಕು. ಎಣ್ಣೆ ಇಪ್ಪತ್ತೈದನೆಯ ದಿನವೇ ಮುಗಿದರೆ ಉಳಿದ ಐದು ದಿನ ಒಗ್ಗರಣೆಯಿಲ್ಲದ ತೊವ್ವೆ.